ಕೈಯಾಯುಧಗಳ ಸಂಗ್ರಹ
(ಕೊಳಲು ಮಾಡುವವರಿಗೂ ಮರಗೆಲಸ ಕಲಿಯುವವರಿಗೂ)

ವಿರಾಮಕಾಲವನ್ನು ಸಾರ್ಥಕಗೊಳಿಸುವ ಹವ್ಯಾಸಗಳಲ್ಲಿ ಮರಗೆಲಸವೂ ಬಿದಿರಿನ ಕೊಳಲುಗಳ ತಯಾರಿಕೆಯೂ ಮುಖ್ಯವಾದವು. ಇವುಗಳಿಂದ ಕೈಗೆ ಕೌಶಲವೂ ಕಣ್ಣಿಗೆ ಅಳತೆಯ ಅಭ್ಯಾಸವೂ ಲಭಿಸುತ್ತವೆ. ಆದರೆ ಕೆಲಸಕ್ಕೆ ತೊಡಗಬೇಕೆಂದೊಡನೆ ಮನೆಯಲ್ಲಿ ಒಂದು ಪ್ರಶ್ನೆಯೇಳುತ್ತದೆ: ಯಾವ ಯಾವ ಆಯುಧಗಳನ್ನು ಕೊಳ್ಳಬೇಕು? ಮಗುವಿನ ಉತ್ಸಾಹವನ್ನು ಕಂಡು ಪೆಟ್ಟಿಗೆ ತುಂಬ ಆಯುಧಗಳನ್ನು ಒಮ್ಮೆಗೇ ತಂದುಕೊಡುವ ತಂದೆತಾಯಿಗಳುಂಟು. ಖರ್ಚಿಗೆ ಹೆದರಿ ಏನನ್ನೂ ಕೊಡಿಸದವರೂ ಉಂಟು. ಈ ಎರಡು ಮಾರ್ಗಗಳೂ ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಕೆಲಸವು ಕೇಳಿದ ಕ್ರಮದಲ್ಲಿ, ಹರಿತಮಾಡಲು ಕಲಿತಷ್ಟನ್ನೇ, ಒಂದೊಂದಾಗಿ ಕೂಡಿಸುತ್ತ ಹೋಗುವುದು ಯೋಗ್ಯವಾದ ಮಾರ್ಗ.

ಶಾಲೆಯಲ್ಲಿ ಕೈಕೆಲಸವೆಂಬುದು ಹೊಸ ವಿಚಾರವಲ್ಲ. ಫಿನ್ಲೆಂಡಿನಲ್ಲಿ 1866ರಲ್ಲಿಯೇ ಬಾಲಕರಿಗೆ ಕೈಕೆಲಸವು ಕಡ್ಡಾಯದ ಪಾಠವಾಯಿತು. ಸ್ವೀಡನ್ನಿನ ನೇಸ್ ಎಂಬಲ್ಲಿ ಓಟೊ ಸಾಲೊಮನ್ನರು ರೂಪಿಸಿದ ಮರಗೆಲಸದ ಶಿಕ್ಷಣದಲ್ಲಿ ಮೊದಲು ಕೈಗೆ ಬರುತ್ತಿದ್ದ ಆಯುಧವೆಂದರೆ ಒಂದು ಸಾಧಾರಣ ಚೂರಿ. ಇಂಗ್ಲೆಂಡಿನಲ್ಲಿ ಮಾರ್ಗರೆಟ್ ಜೇಮ್ಸ್ ಎಂಬ ಉಪಾಧ್ಯಾಯಿನಿಯು 1920ರ ದಶಕದಲ್ಲಿ ಮಕ್ಕಳಿಂದಲೇ ಬಿದಿರಿನ ಕೊಳಲುಗಳನ್ನು ಮಾಡಿಸತೊಡಗಿದರು. ನಮ್ಮ ದೇಶದಲ್ಲಿ 1937ರ ವಾರ್ಧಾ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬನ್ನು ಶಿಕ್ಷಣದ ಕೇಂದ್ರದಲ್ಲಿರಿಸಿದರು.

ಮೊದಲನೆಯ ಮೆಟ್ಟಲು: ಕೊಳಲು

ಕೊಳಲಿಗೆ ಬೇಕಾಗುವ ಆಯುಧಗಳು ಕೆಲವೇ. ಸಣ್ಣ ಹಲ್ಲಿನ ಗರಗಸ, ಚೂರಿ, ಅಳತೆಗೋಲು, ದುಂಡನೆಯ ಅರ, ಉಪ್ಪುಕಾಗದ, ಒಂದು ಕಬ್ಬಿಣದ ಸರಳು; ಇಷ್ಟೇ ಸಾಕು. ನೆರಳಿನಲ್ಲಿ ಚೆನ್ನಾಗಿ ಒಣಗಿದ ಬಿದಿರನ್ನೇ ಆರಿಸಬೇಕು. ಹಸಿಬಿದಿರು ಅನಂತರ ಸೀಳುವುದುಂಟು. ಬೈರಿಗೆಯ ಒತ್ತಡಕ್ಕೂ ಬಿದಿರು ಸೀಳಬಹುದಾದುದರಿಂದ ಕೆಂಪಗೆ ಕಾಯಿಸಿದ ಸರಳಿನಿಂದ ರಂಧ್ರಗಳನ್ನು ಸುಡುವುದು ರೂಢಿ. ಈ ಕೆಲಸವನ್ನು ಹಿರಿಯರು ಬಳಿಯಲ್ಲಿರುವಾಗ ಮಾತ್ರ ಮಾಡತಕ್ಕದ್ದು.

ಅರವು ಏಕೆ ಬೇಕೆಂಬುದನ್ನು ವಿದ್ಯಾರ್ಥಿಗಳು ವಿಜ್ಞಾನದ ಪಾಠದಿಂದಲೇ ತಿಳಿಯಬಹುದು. ಗಾಳಿಯಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 340 ಮೀಟರು. ಎರಡೂ ಕಡೆ ತೆರೆದ ನಳಿಗೆಯ ಮೂಲಸ್ವರದ ಅಲೆಯುದ್ದವು ನಳಿಗೆಯ ಉದ್ದದ ಎರಡರಷ್ಟು. ಆದುದರಿಂದ 34 ಸೆಂಟಿಮೀಟರಿನ ನಳಿಗೆಯು ಸೆಕೆಂಡಿಗೆ ಸುಮಾರು 500 ಕಂಪನಗಳ ಸ್ವರವನ್ನು ಕೊಡಬೇಕು. ಕೊಳಲಿನ ಊದುವ ರಂಧ್ರವೂ ತೆರೆದ ತುದಿಯಂತೆಯೇ ವರ್ತಿಸುತ್ತದೆ. ಆದರೆ ಅಲೆಯು ತುದಿಗಳಿಂದ ತುಸು ಹೊರಚಾಚುವುದರಿಂದ ಸ್ವರವು ಲೆಕ್ಕಕ್ಕಿಂತ ಸ್ವಲ್ಪ ಕೆಳಗಿರುತ್ತದೆ. ಬೆರಳಿನ ರಂಧ್ರವನ್ನು ಹಿಗ್ಗಿಸಿದಂತೆ ಸ್ವರವು ಏರುತ್ತದೆ. ಹಿಗ್ಗಿದ ರಂಧ್ರವನ್ನು ಮತ್ತೆ ಕುಗ್ಗಿಸುವುದು ಕಷ್ಟ. ಅದಕ್ಕಾಗಿ ಮೊದಲು ಚಿಕ್ಕದಾಗಿ ಸುಟ್ಟು, ಕಿವಿಗೊಟ್ಟು ಕೇಳುತ್ತ, ಅರದಿಂದ ಮೆಲ್ಲಮೆಲ್ಲನೆ ತೀಡಬೇಕು.

ಎರಡನೆಯ ಮೆಟ್ಟಲು: ಮರಗೆಲಸ

ಮರಗೆಲಸಕ್ಕೆ ತೊಡಗುವವನು ಅರ್ಧ ಅಂಗುಲದ ಒಂದು ಉಳಿ, ಕೊಡತಿ, ಮೂಲೆಮಟ್ಟ ಮತ್ತು ಸಾಣೆಕಲ್ಲು ಇವುಗಳನ್ನು ಕೂಡಿಸಿಕೊಳ್ಳಲಿ. ಸಾಣೆಕಲ್ಲನ್ನು ಉಳಿಯೊಡನೆಯೇ ಕೊಳ್ಳಬೇಕು. ಮೊಂಡು ಉಳಿಯು ಹರಿತವಾದ ಉಳಿಗಿಂತ ಹೆಚ್ಚು ಅಪಾಯಕರ. ಅದನ್ನು ಬಲವಾಗಿ ನೂಕಬೇಕಾಗಿ ಬಂದು ಕೈ ಜಾರುತ್ತದೆ. ಉಳಿಯ ಬಾಯನ್ನು ಸುಮಾರು 25 ಡಿಗ್ರಿ ಕೋನದಲ್ಲಿ ಅರೆದು, ತುದಿಯಂಚನ್ನು 30 ಡಿಗ್ರಿಯಲ್ಲಿ ತೀಡುವುದು ವಾಡಿಕೆ. ವಿದ್ಯುಚ್ಚಾಲಿತ ಸಾಣೆಯಲ್ಲಿ ಅಂಚು ನೀಲಿಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಕೆಟ್ಟಿತೆಂದೇ ತಿಳಿಯಬೇಕು. ಆಗಾಗ ನೀರಿನಲ್ಲಿ ಅದ್ದುತ್ತಿರುವುದು ಲೇಸು.

ಗರಗಸವನ್ನು ಸೂಕ್ಷ್ಮವಾಗಿ ನೋಡಿದರೆ ಅದರ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿರುವುದು ಕಾಣುತ್ತದೆ. ಕೊಯ್ದ ಸೀಳು ಅಲಗಿಗಿಂತ ಅಗಲವಾಗಿ, ಅಲಗು ಸಿಕ್ಕಿಕೊಳ್ಳದಿರಲೆಂದು ಈ ಏರ್ಪಾಡು. ಮರದ ಎಳೆಗೆ ಅಡ್ಡಲಾಗಿ ಕೊಯ್ಯುವ ಹಲ್ಲುಗಳು ಚೂರಿಯಂತೆಯೂ, ಎಳೆಯ ಉದ್ದಕ್ಕೆ ಸೀಳುವ ಹಲ್ಲುಗಳು ಉಳಿಯಂತೆಯೂ ಇರುತ್ತವೆ. ಉಜ್ಜುಗೊರಡನ್ನು ಕೊನೆಗೆ ಕೊಳ್ಳಬೇಕು. ಉಳಿಯನ್ನು ಹರಿತಮಾಡಲರಿಯದವನಿಗೆ ಉಜ್ಜುಗೊರಡು ಕೆಲಸಮಾಡದು.

ಹಳೆಯ ಆಯುಧಗಳು

ಬಡಗಿಗಳ ಮನೆಗಳಲ್ಲಿ ಹಳೆಯ ಆಯುಧಗಳು ದೊರೆಯುವುದುಂಟು. ಮೇಲಿನ ತುಕ್ಕಿಗೆ ಅಂಜಬೇಕಾಗಿಲ್ಲ. ಸೀಮೆಎಣ್ಣೆ ಹಚ್ಚಿ ಉಜ್ಜಿದರೆ ಅದು ಹೋಗುತ್ತದೆ. ಉಳಿಯ ಚಪ್ಪಟೆಯಾದ ಬೆನ್ನಿನಲ್ಲಿ, ಅಂಚಿನ ಬಳಿ, ಆಳವಾದ ತುಕ್ಕಿನ ಕುಳಿಗಳಿದ್ದರೆ ಮಾತ್ರ ಬಿಡಬೇಕು. ಹರಿತವೆಂದರೆ ಎರಡು ನಯವಾದ ಮುಖಗಳು ಕೂಡುವ ಗೆರೆ. ಒಂದು ಮುಖ ಕೆಟ್ಟರೂ ಗೆರೆ ಉಳಿಯದು. ಮಳೆಗಾಲದಲ್ಲಿ ಆಯುಧಗಳಿಗೆ ತೆಳುವಾಗಿ ಯಂತ್ರದೆಣ್ಣೆ ಸವರಿ, ಒಂದರ ಬಾಯಿ ಇನ್ನೊಂದಕ್ಕೆ ತಾಗದಂತೆ ಬಟ್ಟೆಯಲ್ಲಿ ಸುತ್ತಿಡತಕ್ಕದ್ದು.

ಬಡಗಿಯ ಬಳಿ ಹೋದಾಗ ಆಯುಧವನ್ನಷ್ಟೇ ಅಲ್ಲದೆ ಅದರ ಹೆಸರನ್ನೂ ಕೇಳಿ ಬರೆದುಕೊಳ್ಳಬೇಕೆಂದು ನಾವು ವಿದ್ಯಾರ್ಥಿಗಳಿಗೆ ಸೂಚಿಸುತ್ತೇವೆ. ಉಳಿ, ಬಾಚಿ, ಬೈರಿಗೆ, ಕೊಡತಿ, ಉಜ್ಜುಗೊರಡು ಮೊದಲಾದ ಮಾತುಗಳು ಕೆಲಸಮಾಡುವವರ ಬಾಯಲ್ಲಿ ಬಾಳುತ್ತ ಬಂದಿವೆ. ಗಡಿಯಾಚೆ ನೆಲಸಿ ಕನ್ನಡದಲ್ಲಿ ಕಲಿಯುವ ನಮಗೆ ಅವೂ ಒಂದು ಸಂಪತ್ತು. ಆಯುಧವನ್ನು ಬಳಸುವವರಿಲ್ಲದಿದ್ದರೆ ಹೆಸರೂ ಉಳಿಯದು.

ಮಹಾನವಮಿಯಂದು ಆಯುಧಗಳನ್ನು ತೊಳೆದು ಪೂಜಿಸುವ ಪದ್ಧತಿ ನಮ್ಮಲ್ಲಿದೆ. ಪ್ರತಿವರ್ಷ ಆ ದಿನಕ್ಕೆ ಮುನ್ನ, ಕೂಡಿಸಿದ ಆಯುಧಗಳನ್ನೆಲ್ಲ ಹೊರತೆಗೆದು, ಯಾವುದು ಮೊಂಡಾಗಿದೆ, ಯಾವುದು ವರ್ಷವಿಡೀ ಕೈಗೆ ಬಂದಿಲ್ಲ ಎಂಬುದನ್ನು ಮಕ್ಕಳೂ ತಂದೆತಾಯಿಗಳೂ ಜೊತೆಯಾಗಿ ಪರೀಕ್ಷಿಸಲಿ. ಮುಂದೆ ಯಾವ ಆಯುಧವನ್ನು ಕೊಳ್ಳಬೇಕೆಂಬುದನ್ನು ಆ ಪರೀಕ್ಷೆಯಾದ ಮೇಲೆ ನಿಶ್ಚಯಿಸಬಹುದು.