ಸ್ಟೀರಾಯ್ಡ್ ಮಾತ್ರೆ ಮತ್ತು ಮೂಳೆ: ಒಂದು ಕಂಬದ ಲೆಕ್ಕ

ಸ್ಟೀರಾಯ್ಡ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಜಿಮ್. ಇಲ್ಲಿ ನಾವು ಹೇಳಹೊರಟಿರುವುದು ಆ ಸ್ಟೀರಾಯ್ಡ್ ಬಗ್ಗೆ ಅಲ್ಲ. ಆಸ್ತಮಾ, ಸಂಧಿವಾತ, ಲೂಪಸ್‌ನಂಥ ಕಾಯಿಲೆಗಳಿಗೆ ಡಾಕ್ಟರು ಬರೆದುಕೊಡುವ ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ಗುಂಪಿನ ಔಷಧಿಗಳ ಬಗ್ಗೆ. ಇವಕ್ಕೆ ಗ್ಲುಕೋಕಾರ್ಟಿಕಾಯ್ಡ್ ಅಂತ ಹೆಸರು. ನಮ್ಮ ಅಡ್ರಿನಲ್ ಗ್ರಂಥಿಗಳು ದಿನವೂ ತಯಾರಿಸುವ ಕಾರ್ಟಿಸಾಲ್ ಹಾರ್ಮೋನಿನ ಹತ್ತಿರದ ಬಂಧುಗಳಿವು.

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ತಂಡ ಸಂಧಿವಾತದ ರೋಗಿಯೊಬ್ಬರಿಗೆ ಮೊದಲ ಸಲ ಕಾರ್ಟಿಸೋನ್ ಕೊಟ್ಟಿತು. ಕೆಲವೇ ದಿನಗಳಲ್ಲಿ ಅವರು ಎದ್ದು ಓಡಾಡಿದರು. 1950ರಲ್ಲಿ ಹೆಂಚ್, ಕೆಂಡಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಆದರೆ ದೇಹದಲ್ಲಿ ಈ ಹಾರ್ಮೋನು ಅತಿಯಾಗುವ ಕಾಯಿಲೆಯಲ್ಲಿ ಮೂಳೆ ಸೊರಗುವುದನ್ನು ಹಾರ್ವೆ ಕುಶಿಂಗ್ 1932ರಲ್ಲೇ ಬರೆದಿಟ್ಟಿದ್ದರು. ಅಂದ್ರೆ ಗುಣವೂ ಅಪಾಯವೂ ಒಂದೇ ಮಾತ್ರೆಯೊಳಗಿವೆ.

ಮೂಳೆ ಅಂದ್ರೆ ಸದಾ ನಡೆಯುವ ಸೈಟ್

ಕಾಂಕ್ರೀಟ್ ಒಮ್ಮೆ ಗಟ್ಟಿಯಾದರೆ ಮುಗೀತು. ಮೂಳೆ ಹಾಗಲ್ಲ. ಆಸ್ಟಿಯೊಕ್ಲಾಸ್ಟ್ ಕೋಶಗಳು ಹಳೆಯ ಮೂಳೆಯನ್ನು ಕೆಡವುತ್ತವೆ, ಆಸ್ಟಿಯೊಬ್ಲಾಸ್ಟ್ ಕೋಶಗಳು ಹೊಸದನ್ನು ಕಟ್ಟುತ್ತವೆ. ಒಳಗೆ ಹುದುಗಿರುವ ಆಸ್ಟಿಯೊಸೈಟ್‌ಗಳು ಸೆನ್ಸರ್‌ಗಳ ಹಾಗೆ, ಎಲ್ಲಿ ಭಾರ ಬೀಳ್ತಿದೆ ಅಂತ ಗಮನಿಸುತ್ತಿರುತ್ತವೆ. ವಯಸ್ಕರ ಅಸ್ಥಿಪಂಜರದ ಸುಮಾರು 10% ಭಾಗ ವರ್ಷಕ್ಕೊಮ್ಮೆ ಹೀಗೆ ಹೊಸದಾಗುತ್ತೆ. ಕೆಡವೋದು ವಾರಗಳ ಕೆಲಸ, ಕಟ್ಟೋದು ತಿಂಗಳುಗಳ ಕೆಲಸ.

ಸ್ಟೀರಾಯ್ಡ್ ಹೆಚ್ಚು ದಿನ ದೇಹದಲ್ಲಿದ್ದರೆ ಕಟ್ಟುವ ಕೋಶಗಳ ಸಂಖ್ಯೆ ಇಳಿಯುತ್ತೆ, ಸೆನ್ಸರ್ ಕೋಶಗಳೂ ಸಾಯುತ್ತವೆ. ಕೆಡವುವ ಕೋಶಗಳು ಮಾತ್ರ ಶುರುವಿನಲ್ಲಿ ಹೆಚ್ಚು ದಿನ ಬದುಕುತ್ತವೆ. ಜೊತೆಗೆ ಕರುಳು ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗಿ, ಮೂತ್ರದಲ್ಲಿ ಹೋಗುವುದು ಹೆಚ್ಚಾಗುತ್ತೆ. ಸ್ನಾಯುಗಳೂ ಸೋಲುವುದರಿಂದ ಬೀಳುವ ಸಾಧ್ಯತೆಯೂ ಹೆಚ್ಚು.

ಆಯ್ಲರ್ ಸೂತ್ರ ಇಲ್ಲೂ ಬರುತ್ತೆ

ಬೆನ್ನುಮೂಳೆಯ ಒಳಭಾಗ ಸಣ್ಣ ಸಣ್ಣ ಕಡ್ಡಿಗಳ ಜಾಲ. ಸ್ಟೀರಾಯ್ಡ್ ಮೊದಲು ಹೊಡೆಯೋದು ಇಂಥ ಜಾಗಕ್ಕೇ, ಕಡ್ಡಿಗಳು ತೆಳುವಾಗುತ್ತವೆ. ಬಕ್ಲಿಂಗ್ ಪಾಠ ನೆನಪಿಸಿಕೊಳ್ಳಿ. ದುಂಡನೆಯ ಕಂಬ ಬಾಗದೆ ತಡೆಯುವ ಭಾರ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತಿರುತ್ತೆ. ವ್ಯಾಸ 10% ಇಳಿದರೆ ಕಂಬದಲ್ಲಿರುವ ವಸ್ತು ಇಳಿಯೋದು 19%. ಆದರೆ 0.9ರ ನಾಲ್ಕನೇ ಘಾತ 0.656, ಅಂದ್ರೆ ತಾಳುವ ಭಾರ ಸುಮಾರು 34% ಕಡಿಮೆ! ಮೂಳೆಯ ಕಡ್ಡಿಗಳು ಪುಸ್ತಕದ ಆದರ್ಶ ಕಂಬಗಳಲ್ಲ, ನಿಜ. ಆದರೂ ಸಾಂದ್ರತೆಗಿಂತ ಬಲ ಬೇಗ ಕುಸಿಯುತ್ತೆ ಅನ್ನೋದು ಇದರಿಂದ ಅರ್ಥವಾಗುತ್ತೆ.

ಆಸ್ಪತ್ರೆಗಳಲ್ಲಿ ಕಾಣುವುದೂ ಇದನ್ನೇ. ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ -2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಅನ್ನುತ್ತಾರೆ. ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಅಷ್ಟು ಇಳಿಯುವ ಮೊದಲೇ ಮೂಳೆ ಮುರಿಯಬಹುದು. ಅಪಾಯ ಮೊದಲ 3ರಿಂದ 6 ತಿಂಗಳಲ್ಲೇ ಏರುತ್ತೆ. ಬೆನ್ನುಮೂಳೆ ಕುಸಿದರೂ ಎಷ್ಟೋ ಸಲ ನೋವೇ ಇರಲ್ಲ, ಎತ್ತರ ಕಡಿಮೆಯಾದಾಗಲೇ ಗೊತ್ತಾಗೋದು. ಇನ್ನೊಂದು ತೊಂದರೆ, ತೊಡೆಮೂಳೆಯ ತಲೆಗೆ ರಕ್ತ ತಲುಪದೆ ಆ ಭಾಗ ಸಾಯುವುದು. ಇದು ಚಿಕ್ಕ ವಯಸ್ಸಿನವರಿಗೂ ಬರುತ್ತೆ. ಹಾಗಾಗಿ ತೊಡೆಸಂದಿನಲ್ಲಿ ಬಿಡದೆ ನೋವಿದ್ದರೆ ಸುಮ್ಮನಿರಬಾರದು.

ಹಾಗಾದ್ರೆ ಮಾತ್ರೆ ಬಿಸಾಕೋದಾ?

ಖಂಡಿತ ಬೇಡ. ವಾರಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದಾಗ ಅಡ್ರಿನಲ್ ಗ್ರಂಥಿ ತನ್ನ ಉತ್ಪಾದನೆ ಇಳಿಸಿಬಿಟ್ಟಿರುತ್ತೆ. ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಡಾಕ್ಟರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು. ಆಸ್ತಮಾ ಇನ್‌ಹೇಲರ್ ಬಳಸುವ ಗೆಳೆಯರು ಗಾಬರಿಯಾಗಬೇಕಿಲ್ಲ. ಅದರ ಡೋಸ್ ಮೈಕ್ರೊಗ್ರಾಂಗಳಲ್ಲಿರುತ್ತೆ, ಹೆಚ್ಚಿನದು ಶ್ವಾಸನಾಳದಲ್ಲೇ ಕೆಲಸ ಮಾಡುತ್ತೆ.

ಮಾಡಬೇಕಾದದ್ದು ಇಷ್ಟು:

• ದಿನಕ್ಕೆ 2.5 ಮಿಲಿಗ್ರಾಂಗಿಂತ ಹೆಚ್ಚು ಪ್ರೆಡ್ನಿಸೋಲೋನ್ 3 ತಿಂಗಳಿಗೂ ಮೀರಿ ನಡೆಯುವುದಾದರೆ, ಮೂಳೆ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ.
• ಕ್ಯಾಲ್ಸಿಯಂ, ವಿಟಮಿನ್ ಡಿ ಎಷ್ಟು ಬೇಕು ಅಂತ ಕೇಳಿ. ಅಪಾಯ ಹೆಚ್ಚಿದ್ದರೆ ಅಲೆಂಡ್ರೊನೇಟ್‌ನಂಥ ಮೂಳೆ ಉಳಿಸುವ ಔಷಧಿಗಳಿವೆ.
• ನಡಿಗೆ, ವ್ಯಾಯಾಮ ಬಿಡಬೇಡಿ. ಭಾರ ಬಿದ್ದಲ್ಲೇ ಮೂಳೆ ಗಟ್ಟಿಯಾಗೋದು.
• ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮತ್ತೆ ಮತ್ತೆ ತರಬೇಡಿ. ಲೇಬಲ್ ಇಲ್ಲದ ಮಂಡಿನೋವಿನ ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾಗಿದೆ.

ಮುಂದಿನ ರಜೆಗೆ ಊರಿಗೆ ಹೋದಾಗ ಅಜ್ಜಿಯ ಮಾತ್ರೆ ಡಬ್ಬಿ ಒಮ್ಮೆ ತೆಗೆದು ನೋಡೋಣ. ಸ್ಟ್ರಿಪ್ ಮೇಲೆ ಇಂಗ್ಲಿಷಿನಲ್ಲಿ ಬರೆದಿರೋದನ್ನು ಎಷ್ಟೋ ಮನೆಗಳಲ್ಲಿ ಓದಬಲ್ಲವರು ನಾವೇ. ಅಲ್ಲಿ ಪ್ರೆಡ್ನಿಸೋಲೋನ್ ಅಂತ ಇದ್ದರೆ ಕಿತ್ತುಕೊಳ್ಳುವುದು ಬೇಡ. ಎಷ್ಟು ದಿನದಿಂದ, ಎಷ್ಟು ಮಿಲಿಗ್ರಾಂ ಅಂತ ಬರೆದುಕೊಂಡು, ಅಜ್ಜಿಯ ಜೊತೆ ಡಾಕ್ಟರ ಹತ್ತಿರ ಹೋಗಿಬರೋಣ.