ಮನೆ ಕಂದಾಯ ಹೆಚ್ಚಾಗಿ ಬಂದಿದೆಯೇ? ತಕರಾರು ಸಲ್ಲಿಸುವ ಕ್ರಮ ತಿಳಿಯಿರಿ



ಸಂಘದಲ್ಲಿ ನಿಮ್ಮ ಹಾಲಿಗೆ ಫ್ಯಾಟು ಕಡಿಮೆ ಬಂದರೆ ಏನು ಮಾಡುತ್ತೀರಿ? ದುಡ್ಡು ಕಡಿಮೆಯಾಯಿತೆಂದು ಗೊಣಗಿಕೊಂಡು ಮನೆಗೆ ಹೋಗುವುದಿಲ್ಲ. ಸ್ಯಾಂಪಲ್ ಇನ್ನೊಮ್ಮೆ ಪರೀಕ್ಷಿಸಿ ಎಂದು ಕಾರ್ಯದರ್ಶಿಯನ್ನು ಕೇಳುತ್ತೀರಿ. ಬೆಲೆ ನಿಂತಿರುವುದು ಅಳತೆಯ ಮೇಲೆ ಎಂಬುದು ನಿಮಗೆ ಗೊತ್ತು. ಮನೆ ಕಂದಾಯವೂ ಹಾಗೆಯೇ. "ಕಂದಾಯ ಜಾಸ್ತಿಯಾಯಿತು, ಕಡಿಮೆ ಮಾಡಿ" ಎಂದು ಕೈಮುಗಿದರೆ ಕೆಲಸವಾಗದು. ಯಾವ ಅಳತೆ ತಪ್ಪಾಗಿದೆ ಎಂದು ತೋರಿಸಿಕೊಟ್ಟರೆ ಅದನ್ನು ತಿದ್ದಲೇಬೇಕಾಗುತ್ತದೆ.

ನಿಮ್ಮ ಮನೆ ಯಾವ ಕಚೇರಿಗೆ ಸೇರಿದೆ?

ಮೊದಲು ಇದನ್ನು ಖಚಿತಪಡಿಸಿಕೊಳ್ಳಿ. 2007ರಲ್ಲಿ ಪೀಣ್ಯ ಕಡೆಯ ದಾಸರಹಳ್ಳಿ, ವೈಟ್‌ಫೀಲ್ಡ್ ಕಡೆಯ ಮಹದೇವಪುರ ಸೇರಿದಂತೆ 7 ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು. ಎಲೆಕ್ಟ್ರಾನಿಕ್ ಸಿಟಿಯ ಆಚೆ ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರಗಳಿಗೆ ಬೇರೆ ಬೇರೆ ಪೌರ ಸಂಸ್ಥೆಗಳಿವೆ. ಉಳಿದ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ. ಅರ್ಜಿ ತಪ್ಪು ಕಚೇರಿಗೆ ಹೋದರೆ ದಿನಗಳು ವ್ಯರ್ಥವಾಗಿ ಗಡುವು ಮೀರುತ್ತದೆ. ನೋಟೀಸಿನ ಮೇಲಿರುವ ಕಚೇರಿಗೇ ಅರ್ಜಿ ಸಲ್ಲಿಸಿ.

ಕಂದಾಯ ಲೆಕ್ಕ ಹಾಕುವುದು ಹೇಗೆ?

ಬೆಂಗಳೂರು ಪಾಲಿಕೆ ವ್ಯಾಪ್ತಿಯಲ್ಲಿ 2008ರಿಂದ ಚದರ ಅಡಿಯ ದರದ ಮೇಲೆ ಲೆಕ್ಕ ಹಾಕುವ ಪದ್ಧತಿ ಬಂದಿತು. ಊರನ್ನು ಎ ಯಿಂದ ಎಫ್ ವರೆಗೆ ಆರು ವಲಯ ಮಾಡಿ, ಪ್ರತಿ ವಲಯಕ್ಕೂ ದರ ಗೊತ್ತುಪಡಿಸಲಾಯಿತು. ಆರ್‌ಸಿಸಿ ಮನೆಗೆ ಒಂದು ದರ, ಹೆಂಚು ಅಥವಾ ಶೀಟಿನ ಮನೆಗೆ ಅದಕ್ಕಿಂತ ಕಡಿಮೆ. ಬಾಡಿಗೆಗೆ ಕೊಟ್ಟ ಭಾಗಕ್ಕೆ ಹೆಚ್ಚು, ಸ್ವಂತ ವಾಸಕ್ಕೆ ಕಡಿಮೆ. ಕಟ್ಟಡ ಹಳೆಯದಾದಷ್ಟೂ ಸವಕಳಿ ಕಳೆಯುತ್ತಾರೆ.

ಒಂದು ಲೆಕ್ಕ ನೋಡೋಣ. ನಿಮ್ಮದು ಹತ್ತು ಚದರದ, ಅಂದರೆ 1,000 ಚದರ ಅಡಿಯ ಸ್ವಂತ ವಾಸದ ಮನೆ. ದರ ಚದರ ಅಡಿಗೆ 1 ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ತಿಂಗಳಿಗೆ 10,000 ರೂ. ಅದರಲ್ಲಿ ಶೇ. 20 ಅಂದರೆ 2,000 ರೂ. ತೆರಿಗೆ. ಅದರ ಮೇಲೆ ಉಪಕರ ಶೇ. 24 ಎಂದು ಹಿಡಿದರೆ 480 ರೂ. ಒಟ್ಟು 2,480 ರೂ. (ಸವಕಳಿ ಬಿಟ್ಟು). ಅದೇ ಮನೆಯನ್ನು ಬಾಡಿಗೆ ಮನೆಯೆಂದು ಬರೆದು ದರ 2 ರೂಪಾಯಿ ಹಿಡಿದರೆ ಮೊತ್ತ 4,960 ರೂ. ಆಗುತ್ತದೆ. ಬದಲಾದದ್ದು ಒಂದೇ ಒಂದು ಕಲಂ!

ಪರಿಶೀಲಿಸಬೇಕಾದ ಐದು ಅಂಶಗಳು

1. ವಿಸ್ತೀರ್ಣ: ಟೇಪು ಹಿಡಿದು ನೀವೇ ಅಳೆಯಿರಿ.

2. ಉಪಯೋಗ: ಫ್ಯಾಕ್ಟರಿ ಕೆಲಸದವರಿಗೆ ಎರಡು ರೂಮು ಬಾಡಿಗೆಗೆ ಕೊಟ್ಟಿದ್ದರೆ ಅಷ್ಟು ಭಾಗಕ್ಕೆ ಮಾತ್ರ ಬಾಡಿಗೆ ದರ, ಇಡೀ ಮನೆಗಲ್ಲ. ದನದ ಕೊಟ್ಟಿಗೆಯನ್ನು ಗೋಡೌನ್ ಎಂದು ಬರೆದಿದ್ದಾರೆಯೇ ನೋಡಿ.

3. ಚಾವಣಿ: ಶೀಟಿನ ಭಾಗವನ್ನು ಆರ್‌ಸಿಸಿ ಲೆಕ್ಕಕ್ಕೆ ಸೇರಿಸಿದ್ದಾರೆಯೇ?

4. ಕಟ್ಟಿದ ವರ್ಷ: ಹಳೆಯ ಮನೆಗೆ ಹೊಸ ಮನೆಯ ಲೆಕ್ಕ ಹಾಕಿದ್ದಾರೆಯೇ?

5. ವಲಯ: 2016ರಲ್ಲಿ ವಲಯಗಳು ಬದಲಾದವು. ಹಳೆಯ ವಲಯದಂತೆಯೇ ಕಟ್ಟುತ್ತ ಬಂದ 78 ಸಾವಿರದಷ್ಟು ಮಾಲೀಕರಿಗೆ ಕೆಲವು ವರ್ಷಗಳ ನಂತರ ವ್ಯತ್ಯಾಸದ ಹಣದ ಜೊತೆಗೆ ದಂಡ, ಬಡ್ಡಿ ಕೇಳಿ ನೋಟೀಸು ಬಂದಿತು. ಆದ್ದರಿಂದ ಪ್ರತಿ ವರ್ಷವೂ ವಲಯ ನೋಡಿಯೇ ಹಣ ಕಟ್ಟಿ. ತಪ್ಪು ನಮ್ಮ ಕಡೆಯದಾದರೂ ಬೇಗ ತಿದ್ದಿಕೊಳ್ಳುವುದು ಲಾಭ.

ಪಂಚಾಯಿತಿ ವ್ಯಾಪ್ತಿಯ ಸದಸ್ಯರಿಗೆ

1993ರ ಪಂಚಾಯತ್ ರಾಜ್ ಅಧಿನಿಯಮದ 199ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿ ತೆರಿಗೆ ಹಾಕುವುದು ಕಟ್ಟಡಗಳಿಗೆ ಮತ್ತು ವ್ಯವಸಾಯದ ಕಂದಾಯಕ್ಕೆ ಒಳಪಡದ ಜಮೀನುಗಳಿಗೆ. ಭೂಪರಿವರ್ತನೆಯಾಗದೆ, ನೀವು ಮೇವು ಬೆಳೆಯುತ್ತಿರುವ ಹೊಲವನ್ನು ನಿವೇಶನವೆಂದು ಲೆಕ್ಕಕ್ಕೆ ಹಿಡಿದಿದ್ದರೆ, ಪಹಣಿ ಲಗತ್ತಿಸಿ ಪಿಡಿಒ ಅವರಿಗೆ ಲಿಖಿತ ತಕರಾರು ಕೊಡಿ. ಇ-ಸ್ವತ್ತಿನ ನಮೂನೆ 9 ಮತ್ತು 11ರಲ್ಲಿ ಅಳತೆ ಸರಿಯಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ತಕರಾರು ಸಲ್ಲಿಸುವ ವಿಧಾನ

ನೋಟೀಸು ಕೈಗೆ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ನೋಟೀಸಿನಲ್ಲಿ ನಮೂದಿಸಿರುವ ಗಡುವಿನೊಳಗೆ ಅರ್ಜಿ ಕೊಡಬೇಕು. ಬಾಯಿಮಾತಿನ ತಕರಾರಿಗೆ ಬೆಲೆಯಿಲ್ಲ. ಅರ್ಜಿ ಹೀಗಿದ್ದರೆ ಸಾಕು:

"ನನ್ನ ಖಾತೆ ಸಂಖ್ಯೆ ... ರ ಮನೆಗೆ ನೋಟೀಸಿನಲ್ಲಿ ... ಚದರ ಅಡಿ ಎಂದು ತೋರಿಸಲಾಗಿದೆ. ವಾಸ್ತವ ಅಳತೆ ... ಚದರ ಅಡಿ. ಇದರಲ್ಲಿ ... ಚದರ ಅಡಿ ಶೀಟಿನ ದನದ ಕೊಟ್ಟಿಗೆ, ಗೋಡೌನ್ ಅಲ್ಲ. ಸ್ಥಳ ತನಿಖೆ ಮಾಡಿ ಲೆಕ್ಕ ಸರಿಪಡಿಸಬೇಕಾಗಿ ಕೋರುತ್ತೇನೆ."

ಇದರೊಂದಿಗೆ ಹಿಂದಿನ ವರ್ಷಗಳ ರಸೀದಿ, ಖಾತೆಯ ನಕಲು, ಕರೆಂಟು ಬಿಲ್ಲು, ಮನೆ ಮತ್ತು ಕೊಟ್ಟಿಗೆಯ ಫೋಟೋ ಲಗತ್ತಿಸಿ. ಎರಡನೇ ಪ್ರತಿಯ ಮೇಲೆ ಮೊಹರು, ಸಹಿ, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ. ನಿಮ್ಮ ಮನೆಯನ್ನು ಯಾವ ಆಧಾರದ ಮೇಲೆ ಅಳೆದರು ಎಂಬುದು ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂ. ಶುಲ್ಕ ಕಟ್ಟಿ ಆ ದಾಖಲೆಯ ನಕಲು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಆದರೆ ಆ ಉತ್ತರಕ್ಕಾಗಿ ಕಾದು ತಕರಾರಿನ ಗಡುವು ಮೀರಿಸಿಕೊಳ್ಳಬೇಡಿ.

ಅರ್ಜಿ ತಿರಸ್ಕಾರವಾದರೆ ಆದೇಶವನ್ನು ಬರಹದಲ್ಲೇ ಕೇಳಿ ಪಡೆಯಿರಿ. ಮುಂದಿನ ಮೇಲ್ಮನವಿಗೆ ಆ ಆದೇಶದ ಪ್ರತಿಯೇ ಆಧಾರ.

ಕೊನೆಯ ಮಾತು

ತಕರಾರು ಹಾಕಿದ್ದೇವೆಂದು ಕಂದಾಯವನ್ನೇ ನಿಲ್ಲಿಸುವುದು ಜಾಣತನವಲ್ಲ. ಬಾಕಿ ಬೆಳೆದರೆ ಬಡ್ಡಿಯೂ ಬೆಳೆಯುತ್ತದೆ. ನಿಮಗೆ ಒಪ್ಪಿಗೆಯಿರುವಷ್ಟು ಮೊತ್ತವನ್ನು ಕಟ್ಟಲು ಅವಕಾಶ ಕೇಳಿ, ಕಟ್ಟಿ, ರಸೀದಿಯನ್ನು ಜೋಪಾನ ಮಾಡಿ. ಹಾಲಿನ ಪಾಸ್‌ಬುಕ್ಕನ್ನು ಕಾಪಾಡುವ ಮನೆಯಲ್ಲಿ ಕಂದಾಯದ ರಸೀದಿಗೂ ಒಂದು ಜಾಗವಿರಲಿ.