ಪುಸ್ತಕದ ಮೇಲೆ ಬೀಳುವ ಬೆಳಕು

ರಾತ್ರಿ ಓದಲು ಬೆಳಕು ಸಾಲದಿದ್ದರೆ ಹೆಚ್ಚು ವಾಟಿನ ಬಲ್ಬನ್ನು ತಂದು ಹಾಕುವುದು ವಾಡಿಕೆ. ಆದರೆ ವಾಟ್ ಎಂಬುದು ದೀಪವು ಪ್ರತಿ ಸೆಕೆಂಡಿಗೆ ವ್ಯಯಿಸುವ ವಿದ್ಯುಚ್ಛಕ್ತಿಯ ಅಳತೆಯೇ ಹೊರತು ಅದು ನೀಡುವ ಬೆಳಕಿನ ಅಳತೆಯಲ್ಲ. ಬೆಳಕನ್ನು ನಾವು ಲ್ಯೂಮೆನ್ ಎಂಬ ಮಾನದಿಂದ ಅಳೆಯುತ್ತೇವೆ. ಹಳೆಯ ಬಗೆಯ 60 ವಾಟಿನ ತಂತಿಯ ಬಲ್ಬೂ ಇಂದಿನ 9 ವಾಟಿನ ಎಲ್‌ಇಡಿ ಬಲ್ಬೂ ಹೆಚ್ಚುಕಡಮೆ ಸಮನಾಗಿ, ಸುಮಾರು 800 ಲ್ಯೂಮೆನ್‌ಗಳಷ್ಟು ಬೆಳಕನ್ನು ಕೊಡುತ್ತವೆ.

ಓದುವವನಿಗೆ ಬೇಕಾದುದು ಪುಟವನ್ನು ಮುಟ್ಟುವ ಬೆಳಕು. ಒಂದು ಚದರ ಮೀಟರಿನ ಮೇಲೆ ಒಂದು ಲ್ಯೂಮೆನ್ ಸಮನಾಗಿ ಹರಡಿದರೆ ಅಲ್ಲಿನ ಬೆಳಕು 1 ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಸುಮಾರು ಕಾಲು ಲಕ್ಸ್. ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ಆಯಾಸವಿಲ್ಲದೆ ಓದಲು 300ರಿಂದ 500 ಲಕ್ಸ್ ಬೇಕು.

ಈಗ ಒಂದು ಲೆಕ್ಕವನ್ನು ಮಾಡೋಣ. 800 ಲ್ಯೂಮೆನ್‌ಗಳ ದೀಪವೊಂದು ಎಲ್ಲ ದಿಕ್ಕುಗಳಿಗೂ ಸಮನಾಗಿ ಬೆಳಕನ್ನು ಬೀರುತ್ತಿದೆಯೆಂದು ಭಾವಿಸೋಣ. ಅದರ ಸುತ್ತ 1 ಮೀಟರ್ ತ್ರಿಜ್ಯದ ಗೋಳವನ್ನು ಕಲ್ಪಿಸಿಕೊಂಡರೆ ಗೋಳದ ಮೇಲ್ಮೈ ಸುಮಾರು 12.57 ಚದರ ಮೀಟರ್. ಆದ್ದರಿಂದ ಅಲ್ಲಿನ ಬೆಳಕು ಸುಮಾರು 64 ಲಕ್ಸ್. ದೂರವು 2 ಮೀಟರ್ ಆದರೆ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ. ಬೆಳಕು 16 ಲಕ್ಸಿಗೆ ಇಳಿಯುತ್ತದೆ. ದೂರವು ಅರ್ಧ ಮೀಟರ್ ಆದರೆ ಬೆಳಕು 256 ಲಕ್ಸಿಗೆ ಏರುತ್ತದೆ. ಇದೇ ವಿಲೋಮ ವರ್ಗ ನಿಯಮ. ಗೋಡೆಗಳಿಂದ ಪ್ರತಿಫಲಿಸುವ ಬೆಳಕನ್ನು ಬಿಟ್ಟರೆ, 2 ಮೀಟರ್ ಎತ್ತರದ ದೀಪವನ್ನು ಅರ್ಧ ಮೀಟರಿಗೆ ಇಳಿಸುವುದೂ ಮೇಲೆ ಅಂಥ ಹದಿನಾರು ದೀಪಗಳನ್ನು ಹಚ್ಚುವುದೂ ಪುಸ್ತಕದ ಪಾಲಿಗೆ ಒಂದೇ!

ಬೆಳಕು ಬೀಳುವ ಕೋನವೂ ಮುಖ್ಯವಾದುದು. ಟಾರ್ಚನ್ನು ಗೋಡೆಗೆ ನೇರವಾಗಿ ಹಿಡಿದರೆ ಬೆಳಕಿನ ವೃತ್ತವು ಚಿಕ್ಕದಾಗಿಯೂ ಉಜ್ವಲವಾಗಿಯೂ ಇರುತ್ತದೆ. ಓರೆಯಾಗಿ ಹಿಡಿದರೆ ಅದು ನೀಳವಾಗಿ ಹಬ್ಬಿ ಮಂಕಾಗುತ್ತದೆ. ಕಿರಣವು ಪುಟದ ಲಂಬದಿಂದ 60 ಡಿಗ್ರಿ ಓರೆಯಾದರೆ ಅದೇ ಬೆಳಕು ಇಮ್ಮಡಿ ಜಾಗಕ್ಕೆ ಹಂಚಿಹೋಗಿ, ಅರ್ಧದಷ್ಟೇ ಲಕ್ಸ್ ದೊರೆಯುತ್ತದೆ. ಈ ಕೊಸೈನ್ ನಿಯಮವನ್ನು ಗಣಿತಜ್ಞ ಲ್ಯಾಂಬರ್ಟ್ 1760ರ ತನ್ನ ಗ್ರಂಥದಲ್ಲಿ ವಿವರಿಸಿದನು.

ಇನ್ನು ಮೇಲಕ್ಕೂ ಪಕ್ಕಕ್ಕೂ ಹೋಗುವ ಬೆಳಕಿನ ಮಾತು. ಒಳಮೈಗೆ ಬಿಳಿಯ ಬಣ್ಣ ಬಳಿದ ಛತ್ರಿಯಂಥ ಮುಚ್ಚಳವೊಂದು ಅದರಲ್ಲಿ ಬಹುಭಾಗವನ್ನು ಪುಟದತ್ತ ತಿರುಗಿಸುತ್ತದೆ. ಜೊತೆಗೆ ಬಲ್ಬಿನ ಪ್ರಖರತೆ ನೇರವಾಗಿ ಕಣ್ಣನ್ನು ಕುಕ್ಕದಂತೆ ತಡೆಯುತ್ತದೆ. ಆಗ 256 ಲಕ್ಸ್ 300ನ್ನು ಸುಲಭವಾಗಿ ದಾಟಬಲ್ಲದು. ಬಲಗೈಯಲ್ಲಿ ಬರೆಯುವವರು ದೀಪವನ್ನು ಎಡಗಡೆಗೆ ಇಟ್ಟುಕೊಂಡರೆ ಕೈಯ ನೆರಳು ಅಕ್ಷರಗಳ ಮೇಲೆ ಬೀಳದು.

ಆದಕಾರಣ ಮನೆಯಲ್ಲಿ ಒಂದೇ ದೀಪವಿರುವ ವಿದ್ಯಾರ್ಥಿಯೂ ನಿರಾಶನಾಗಬೇಕಿಲ್ಲ. ದೀಪವನ್ನು ಬದಲಾಯಿಸುವುದಕ್ಕೆ ಮುನ್ನ ಅದರ ಸ್ಥಾನವನ್ನು ಬದಲಾಯಿಸಿ ನೋಡುವುದು ಲೇಸು.